ಯುದ್ಧಕ್ಕೆ ಹೊರಡುವ ಮುಂಚೆ ಯಾರನ್ನು ಕೇಳಬೇಕು? ಅಮೆರಿಕದ 250 ವರ್ಷದ ಹಳೇ ಜಗಳ

ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡು 2026ರ ಜುಲೈ 4ಕ್ಕೆ 250 ವರ್ಷ. ಈ ಹೊತ್ತಿನಲ್ಲೇ ಅಲ್ಲಿ ಒಂದು ಹಳೇ ಜಗಳ ಮತ್ತೆ ಜೋರಾಗಿದೆ. ಯುದ್ಧಕ್ಕೆ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಯಾರು? ಅಧ್ಯಕ್ಷರೊಬ್ಬರೇನಾ, ಇಲ್ಲಾ ಜನ ಆರಿಸಿ ಕಳಿಸಿದ ಕಾಂಗ್ರೆಸ್ಸಾ? (ಕಾಂಗ್ರೆಸ್ ಅಂದರೆ ಇಲ್ಲಿ ಅಮೆರಿಕದ ಸಂಸತ್ತು, ನಮ್ಮಲ್ಲಿನ ಪಕ್ಷ ಅಲ್ಲ.) 2025ರ ಜೂನ್‌ನಲ್ಲಿ ಅಮೆರಿಕ ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್ ಅಣು ಕೇಂದ್ರಗಳ ಮೇಲೆ ದಾಳಿ ಮಾಡಿತು. ಅದಕ್ಕೂ ಮೊದಲು ಕಾಂಗ್ರೆಸ್ಸಿನಲ್ಲಿ ಮತದಾನ ಆಗಿರಲಿಲ್ಲ. ಆಮೇಲೆ ಅಧ್ಯಕ್ಷರ ಕೈ ಕಟ್ಟುವ ನಿರ್ಣಯವೊಂದು ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ಗೆ ಬಂತು, ಬಿದ್ದೂ ಹೋಯಿತು.

ಇಂಥ ಜಗಳ ಎದ್ದಾಗಲೆಲ್ಲ ಎರಡೂ ಕಡೆಯವರು ದೇಶ ಕಟ್ಟಿದ ಹಿರಿಯರ ಹೆಸರು ಹೇಳುತ್ತಾರೆ. ಒಂದು ಕಡೆಯವರ ಮಾತು ಹೀಗೆ: ಸಭೆ ಸೇರಿ ಚರ್ಚೆ ಮಾಡುತ್ತಾ ಕೂತರೆ ಯುದ್ಧ ಗೆಲ್ಲೋಕಾಗಲ್ಲ, ಅದು ಸ್ವಾತಂತ್ರ್ಯ ಯುದ್ಧದಲ್ಲೇ ಗೊತ್ತಾಯಿತು, ಅದಕ್ಕೇ ಗಟ್ಟಿ ಅಧ್ಯಕ್ಷರ ಹುದ್ದೆ ಮಾಡಿಕೊಂಡರು. ಇನ್ನೊಂದು ಕಡೆಯವರು ಸಂವಿಧಾನ ತೆಗೆದು ತೋರಿಸುತ್ತಾರೆ, ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿಗೆ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಇಬ್ಬರ ಮಾತಲ್ಲೂ ಅರ್ಧರ್ಧ ಸತ್ಯ ಇದೆ. ಆದರೆ ಬ್ರಿಟಿಷರ ವಿರುದ್ಧದ ಆ ಸ್ವಾತಂತ್ರ್ಯ ಯುದ್ಧದ ಎಂಟು ವರ್ಷ ಸರ್ಕಾರ ಹೇಗೆ ನಡೆಯಿತು ಅಂತ ಹತ್ತಿರದಿಂದ ನೋಡಿದರೆ ಇನ್ನೊಂದು ವಿಷಯ ಕಾಣುತ್ತೆ. ಅವರಿಗೆ ಅಂದು ಬಿದ್ದ ಏಟು ದುಡ್ಡಿನದು. ತೀರ್ಮಾನ ಹಲವರ ಕೈಯಲ್ಲಿತ್ತು ಅನ್ನೋದರಿಂದ ತೊಂದರೆ ಆಯಿತು, ನಿಜ, ಆದರೆ ಯುದ್ಧವನ್ನೇ ಮುಳುಗಿಸುವಷ್ಟು ತೊಂದರೆ ಕೊಟ್ಟಿದ್ದು ಖಾಲಿ ಬೊಕ್ಕಸ. ಆಮೇಲೆ ರಿಪೇರಿಗೆ ಕೂತಾಗ ಅವರು ದುಡ್ಡಿನ ತೂತು ಮುಚ್ಚಿದರು, ಯುದ್ಧದ ತೀರ್ಮಾನವನ್ನು ಮಾತ್ರ ಒಬ್ಬರ ಕೈಗೆ ಕೊಡಲಿಲ್ಲ. ಇವತ್ತಿನ ಅಮೆರಿಕ ಆ ರಿಪೇರಿಯ ಮೊದಲ ಅರ್ಧವನ್ನು ಇಟ್ಟುಕೊಂಡು ಎರಡನೇ ಅರ್ಧವನ್ನು ಕೈಬಿಟ್ಟಿದೆ ಅಂತ ನನಗನ್ನಿಸುತ್ತೆ.

ಸರಿ, ಶುರುವಿಂದ ನೋಡೋಣ.

1775ರ ಏಪ್ರಿಲ್ 19ರಂದು ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್, ಕಾಂಕರ್ಡ್ ಊರುಗಳಲ್ಲಿ ಗುಂಡು ಹಾರಿದಾಗ ಅಮೆರಿಕ ಅಂತ ಒಂದು ಸರ್ಕಾರವೇ ಇರಲಿಲ್ಲ. ಮೇ 10ಕ್ಕೆ ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಪ್ರತಿನಿಧಿಗಳು ಸೇರಿದರು. ದೇಶಕ್ಕೆ ಅಧ್ಯಕ್ಷ ಇಲ್ಲ, ಮಂತ್ರಿಗಳಿಲ್ಲ, ಖಜಾನೆ ಇಲ್ಲ. ಇದ್ದದ್ದು ಕಾಂಗ್ರೆಸ್ ಅನ್ನೋ ಆ ಸಭೆ ಒಂದೇ. ಮದ್ದುಗುಂಡು ಎಲ್ಲಿಂದ ತರೋದು, ಹಡಗು ಎಲ್ಲಿ ಕಟ್ಟಿಸೋದು, ಯಾವ ಕರ್ನಲ್‌ಗೆ ಬಡ್ತಿ ಕೊಡೋದು ಅನ್ನೋದರ ತನಕ ಎಲ್ಲವೂ ಸಮಿತಿಗಳಲ್ಲೇ ತೀರ್ಮಾನ ಆಗಬೇಕಿತ್ತು. 1776ರ ಜೂನ್‌ನಲ್ಲಿ ಯುದ್ಧ ಮಂಡಳಿ ಅಂತ ಒಂದು ಮಾಡಿ ಜಾನ್ ಆಡಮ್ಸ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಕೂರಿಸಿದರು. ಅವರು ವೃತ್ತಿಯಲ್ಲಿ ವಕೀಲರು. ಸ್ವಾತಂತ್ರ್ಯ ಘೋಷಣೆಯ ಕೆಲಸವೂ ಅವರ ತಲೆ ಮೇಲೆ, ಬೂಟು ಕಂಬಳಿಯ ಲೆಕ್ಕವೂ ಅವರ ತಲೆ ಮೇಲೆ.

ಅದಕ್ಕೂ ಒಂದು ವರ್ಷ ಮೊದಲೇ, 1775ರ ಜೂನ್ 15ಕ್ಕೆ, ಜಾರ್ಜ್ ವಾಷಿಂಗ್ಟನ್ ಅವರನ್ನು ಸೇನಾಪತಿ ಮಾಡಿದ್ದರು. ಅವರಿಗೆ ಕೊಟ್ಟ ಆದೇಶ ಪತ್ರದಲ್ಲೇ, ಕಾಂಗ್ರೆಸ್ ಹೇಳಿದಂತೆ ನಡೆಯಬೇಕು ಅಂತ ಬರೆದಿತ್ತು. ಅವರು ಸಂಬಳ ಬೇಡ, ಖರ್ಚು ಮಾತ್ರ ಕೊಡಿ ಅಂದರು. ಸೇನಾಪತಿಗಿಂತ ಸಭೆ ದೊಡ್ಡದು ಅನ್ನೋದು ಮೊದಲ ದಿನದಿಂದಲೇ ಇತ್ತು. ಇದು ಸಣ್ಣ ವಿಷಯ ಅಲ್ಲ. ಮುಂದಿನ ಎಂಟು ವರ್ಷದಲ್ಲಿ ಇದನ್ನು ಮುರಿಯೋಕೆ ಅವಕಾಶ ಎಷ್ಟೋ ಸಲ ಬಂತು.

ದುಡ್ಡಿನ ವಿಷಯಕ್ಕೆ ಬಂದರೆ ಪರಿಸ್ಥಿತಿ ಶೋಚನೀಯ. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇರಲಿಲ್ಲ. ದೂರದ ಲಂಡನ್ನಿನ ಸಂಸತ್ತು ನಮಗೆ ತೆರಿಗೆ ಹಾಕಬಾರದು ಅಂತಲೇ ಜಗಳ ಶುರುವಾಗಿದ್ದು. ಹಾಗಿರುವಾಗ ಫಿಲಡೆಲ್ಫಿಯಾದಲ್ಲಿ ಕೂತ ಇನ್ನೊಂದು ಸಭೆಗೆ ಆ ಅಧಿಕಾರ ಕೊಡೋಕೆ ಯಾವ ರಾಜ್ಯಕ್ಕೂ ಮನಸ್ಸಿರಲಿಲ್ಲ. ಅದಕ್ಕೆ ನೋಟು ಅಚ್ಚು ಹಾಕಿದರು. 1775ರ ಜೂನ್‌ನಲ್ಲಿ ಮೊದಲ ಕಂತು 20 ಲಕ್ಷ ಡಾಲರ್. ಆಮೇಲೆ ಕೈ ನಿಲ್ಲಲೇ ಇಲ್ಲ. 1779ರ ಸೆಪ್ಟೆಂಬರ್ ಹೊತ್ತಿಗೆ, ಇನ್ನು 20 ಕೋಟಿ ದಾಟಬಾರದು ಅಂತ ಕಾಂಗ್ರೆಸ್ಸೇ ಮಿತಿ ಹಾಕಿಕೊಳ್ಳಬೇಕಾಯಿತು. ರಾಜ್ಯಗಳೂ ತಮ್ಮ ತಮ್ಮ ನೋಟು ಅಚ್ಚು ಹಾಕುತ್ತಿದ್ದವು, ಬ್ರಿಟಿಷರು ನಕಲಿ ನೋಟು ತಂದು ಸುರಿಯುತ್ತಿದ್ದರು. 1780ರ ಮಾರ್ಚ್‌ನಲ್ಲಿ 40 ಡಾಲರ್ ನೋಟಿಗೆ 1 ಬೆಳ್ಳಿ ಡಾಲರ್ ಅಂತ ಕಾಂಗ್ರೆಸ್ಸೇ ಒಪ್ಪಿಕೊಂಡಿತು. ಅಂದರೆ ನಲವತ್ತರಲ್ಲಿ ಮೂವತ್ತೊಂಬತ್ತು ಗಾಳಿಗೆ ಹೋಯಿತು ಅಂತ ಲೆಕ್ಕ.

ಇದೂ ಒಂದು ತೆರಿಗೆಯೇ ಅಲ್ವಾ? ಯಾರೂ ಮತ ಹಾಕಿ ಹಾಕಿದ ತೆರಿಗೆ ಅಲ್ಲ ಅಷ್ಟೇ. ನೋಟು ಕೈಯಲ್ಲಿ ಹಿಡಿದವರೆಲ್ಲ ಅದನ್ನು ಕಟ್ಟಿದರು, ಅದರಲ್ಲೂ ಸಂಬಳ ತಗೊಳ್ಳುವ ಸಿಪಾಯಿ ಮತ್ತು ಅವನ ಮನೆಯವರು ಎಲ್ಲರಿಗಿಂತ ಜಾಸ್ತಿ ಕಟ್ಟಿದರು.

ಊರಲ್ಲಿ ಇದರ ಬಿಸಿ ಹೇಗಿತ್ತು ಅನ್ನೋದಕ್ಕೆ ಒಂದು ಘಟನೆ ಹೇಳ್ತೀನಿ. 1777ರ ಜುಲೈ, ಬಾಸ್ಟನ್. ಕಾಫಿ ಸಕ್ಕರೆ ಸಿಗುತ್ತಿಲ್ಲ, ವ್ಯಾಪಾರಿಗಳು ಕೂಡಿಟ್ಟಿದ್ದಾರೆ ಅಂತ ಜನ ರೊಚ್ಚಿಗೆದ್ದಿದ್ದರು. ಒಬ್ಬ ಸಿರಿವಂತ ವ್ಯಾಪಾರಿಯ ಗೋದಾಮಿನಲ್ಲಿ ಕಾಫಿ ಇತ್ತು, ಪೌಂಡಿಗೆ ಆರು ಶಿಲಿಂಗ್‌ಗಿಂತ ಕಡಿಮೆಗೆ ಕೊಡಲ್ಲ ಅಂತ ಆತ ಪಟ್ಟು ಹಿಡಿದಿದ್ದ. ನೂರರಷ್ಟು, ಕೆಲವರು ಹೇಳುವಂತೆ ಅದಕ್ಕೂ ಹೆಚ್ಚು ಹೆಂಗಸರು ಕೈಗಾಡಿ ಎಳೆದುಕೊಂಡು ಬಂದು ಬೀಗದ ಕೈ ಕೇಳಿದರು. ಕೊಡಲ್ಲ ಅಂದ. ಒಬ್ಬಾಕೆ ಅವನ ಕತ್ತಿನ ಪಟ್ಟಿ ಹಿಡಿದು ಎತ್ತಿ ಗಾಡಿಗೆ ಹಾಕಿದಳು. ಬೀಗದ ಕೈ ಬಂತು. ಹೆಂಗಸರು ಗೋದಾಮು ತೆರೆದು, ಕಾಫಿ ತಾವೇ ಹೊತ್ತು ಗಾಡಿಗೆ ತುಂಬಿಕೊಂಡು ಹೊರಟರು. ಗಂಡಸರ ದೊಡ್ಡ ಗುಂಪು ಸುಮ್ನೆ ನಿಂತು ನೋಡುತ್ತಿತ್ತು. ಇದನ್ನು ಅಬಿಗೇಲ್ ಆಡಮ್ಸ್ ಪತ್ರದಲ್ಲಿ ಬರೆದು ಗಂಡನಿಗೆ ಕಳಿಸಿದರು. ಆ ಗಂಡ ಯಾರು ಗೊತ್ತಲ್ಲ, ಯುದ್ಧ ಮಂಡಳಿಯ ಅದೇ ಜಾನ್ ಆಡಮ್ಸ್. ಗಂಡಸರು ದಂಡಿಗೆ ಹೋಗಿ, ಕೈಗೆ ಬರುವ ನೋಟಿಗೆ ಬೆಲೆ ಇಲ್ಲದೆ, ಮಕ್ಕಳ ಹೊಟ್ಟೆ ನೋಡಿಕೊಳ್ಳಬೇಕಾದ ಹೆಂಗಸರು ತಾವೇ ಬೆಲೆ ನಿಯಂತ್ರಣಕ್ಕೆ ಇಳಿದಿದ್ದರು.

ಇದಕ್ಕೂ ಮುಂಚೆ, 1776ರ ಡಿಸೆಂಬರ್‌ನಲ್ಲಿ, ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಬ್ರಿಟಿಷ್ ಸೈನ್ಯ ಹತ್ತಿರ ಬಂತು, ಕಾಂಗ್ರೆಸ್ ಗಂಟುಮೂಟೆ ಕಟ್ಟಿಕೊಂಡು ಬಾಲ್ಟಿಮೋರ್‌ಗೆ ಓಡಿತು. ಅಲ್ಲಿಂದಲೇ ಡಿಸೆಂಬರ್ 27ಕ್ಕೆ ವಾಷಿಂಗ್ಟನ್‌ಗೆ ವಿಶೇಷ ಅಧಿಕಾರ ಕೊಟ್ಟಿತು. ಹೊಸ ಪಡೆ ಕಟ್ಟಬಹುದು, ನ್ಯಾಯವಾದ ಬೆಲೆಗೆ ಸಾಮಾನು ಕೊಡದಿದ್ದರೆ ಬಲವಂತವಾಗಿ ತಗೊಳ್ಳಬಹುದು, ಕಾಂಗ್ರೆಸ್ಸಿನ ನೋಟು ಬೇಡ ಅನ್ನುವವರನ್ನು ಬಂಧಿಸಬಹುದು. ಕೇಳಿದರೆ ಸರ್ವಾಧಿಕಾರ ಅನ್ನಿಸುತ್ತೆ. ಆದರೆ ಅದಕ್ಕೆ ಅವಧಿ ಇತ್ತು, ಬರೀ ಆರು ತಿಂಗಳು. ಮತ್ತೆ ಕೊಟ್ಟವರು ಯಾರು? ಸಭೆ. ಓಡುತ್ತಾ ಇದ್ದರೂ ಸಭೆ ಸೇರಿ, ಮತ ಹಾಕಿ, ದಿನಾಂಕ ನಮೂದಿಸಿ ಕೊಟ್ಟರು. ತುರ್ತು ಪರಿಸ್ಥಿತಿಯಲ್ಲಿ ಅಧಿಕಾರ ಕೊಡಲೇಬಾರದು ಅಂತ ಯಾರೂ ಅಂದಿರಲಿಲ್ಲ. ಕೊಟ್ಟ ಅಧಿಕಾರ ತಾನಾಗಿ ವಾಪಸ್ ಬರುವ ವ್ಯವಸ್ಥೆ ಅದರೊಳಗೇ ಇರಬೇಕು ಅನ್ನೋದು ಅವರ ಲೆಕ್ಕಾಚಾರ.

ವಾಷಿಂಗ್ಟನ್ ಇಂಥ ಅಧಿಕಾರವನ್ನು ಬಳಸಿದ್ದು ಬಹಳ ಹುಷಾರಾಗಿ. ಎಷ್ಟು ಹುಷಾರು ಅಂದರೆ 1777ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸೇ, ರೈತರಿಂದ ಧಾನ್ಯ ದನ ವಶ ಮಾಡಿಕೊಳ್ಳೋಕೆ ನೀವು ತುಂಬಾ ಸಂಕೋಚ ಪಡ್ತೀರಿ ಅಂತ ಆಕ್ಷೇಪ ಎತ್ತಿತು. ಸೈನ್ಯ ಕಣಜಕ್ಕೆ ಕೈ ಹಾಕಿದರೆ ಅದೇ ರೈತ ನಾಳೆ ಬ್ರಿಟಿಷರ ಕಡೆ ಹೋಗ್ತಾನೆ, ಸಿಪಾಯಿಗೂ ಲೂಟಿಯ ರುಚಿ ಹತ್ತುತ್ತೆ ಅನ್ನೋದು ಅವರ ಭಯ. ಆ ಭಯ ಸರಿಯಾಗೇ ಇತ್ತು.

ಅದೇ ಚಳಿಗಾಲದಲ್ಲಿ ವಾಷಿಂಗ್ಟನ್ ಸೈನ್ಯ ಬೀಡುಬಿಟ್ಟಿದ್ದ ಜಾಗ ವ್ಯಾಲಿ ಫೋರ್ಜ್. ಹಿಮದಲ್ಲಿ ಬರಿಗಾಲಲ್ಲಿ ನಿಂತ ಸಿಪಾಯಿಗಳ ಚಿತ್ರ ಎಲ್ಲರೂ ನೋಡಿರ್ತೀರಿ. ಆದರೆ ಆ ಚಳಿಗಾಲದ ಹಸಿವಿಗೆ ಪ್ರಕೃತಿ ಕಾರಣ ಅಲ್ಲ. ಪೆನ್ಸಿಲ್ವೇನಿಯಾದ ಆ ಭಾಗ ಒಳ್ಳೇ ಬೆಳೆ ಬೆಳೆಯುವ ಸೀಮೆ. ಕೊರತೆ ಇದ್ದದ್ದು ಗಾಡಿ, ಕುದುರೆ, ದುಡ್ಡು ಮತ್ತು ಹೊಣೆ ಹೊರುವ ಜನರದು. ಸಾಮಾನು ಸಾಗಾಟದ ಮುಖ್ಯಸ್ಥರಾಗಿದ್ದ ಥಾಮಸ್ ಮಿಫ್ಲಿನ್ ಶರತ್ಕಾಲದಲ್ಲೇ ರಾಜೀನಾಮೆ ಕೊಟ್ಟಿದ್ದರು, ಯಾರ್ಕ್ ಅನ್ನೋ ಊರಲ್ಲಿ ಆಶ್ರಯ ಪಡೆದಿದ್ದ ಕಾಂಗ್ರೆಸ್ ತಿಂಗಳುಗಟ್ಟಲೆ ಆ ಜಾಗಕ್ಕೆ ಸರಿಯಾದವರನ್ನು ತರಲಿಲ್ಲ. ಫಿಲಡೆಲ್ಫಿಯಾದಲ್ಲಿ ಕೂತ ಬ್ರಿಟಿಷರು ಬೆಳ್ಳಿ ಬಂಗಾರದ ನಾಣ್ಯ ಎಣಿಸಿ ಕೊಡುತ್ತಿದ್ದರು, ರೈತರಲ್ಲಿ ಎಷ್ಟೋ ಜನ ಅತ್ತಲೇ ಗಾಡಿ ಹೊಡೆದರು. ಸುಮಾರು 2,000 ಸಿಪಾಯಿಗಳು ಸತ್ತರು, ಗುಂಡೇಟಿನಿಂದಲ್ಲ, ಟೈಫಸ್, ಭೇದಿ, ಜ್ವರದಿಂದ. 1778ರ ಮಾರ್ಚ್‌ನಲ್ಲಿ ಜನರಲ್ ನಥಾನಿಯಲ್ ಗ್ರೀನ್ ಸಾಗಾಟದ ಹೊಣೆ ಹೊತ್ತ ಮೇಲೆ ಗಾಡಿಗಳು ಬರೋಕೆ ಶುರುವಾದವು. ಒಬ್ಬ ಸಮರ್ಥ ಅಧಿಕಾರಿಯನ್ನು ಆರು ತಿಂಗಳು ಮೊದಲೇ ಕೂರಿಸಿದ್ದರೆ ಅವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ. ಸಮಿತಿ ಸರ್ಕಾರದ ಮೇಲಿನ ಗಟ್ಟಿ ಆರೋಪ ಇದೇ, ಇದನ್ನು ಯಾರೂ ಹಗುರ ಮಾಡಬಾರದು.

ಯುದ್ಧಕಾಲದ ಅಧಿಕಾರಕ್ಕೆ ಇನ್ನೊಂದು ಮುಖವೂ ಇತ್ತು. 1777ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಿಂದ ಸುಮಾರು ಇಪ್ಪತ್ತು ಜನರನ್ನು, ಹೆಚ್ಚಿನವರು ಕ್ವೇಕರ್ ಪಂಥದವರು, ವಿಚಾರಣೆಯೇ ಇಲ್ಲದೆ ವರ್ಜೀನಿಯಾಕ್ಕೆ ಗಡಿಪಾರು ಮಾಡಿದರು. ಕ್ವೇಕರರು ಯಾವ ಯುದ್ಧಕ್ಕೂ ಸೇರಲ್ಲ, ಪ್ರಮಾಣ ಮಾಡಲ್ಲ, ಅದೇ ಅನುಮಾನಕ್ಕೆ ಸಾಕಾಯಿತು. ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಅಂತ ಅವರು ಕೇಳಿದಾಗ ಪೆನ್ಸಿಲ್ವೇನಿಯಾ ಸರ್ಕಾರ ಆ ಹಕ್ಕನ್ನೇ ತಡೆಯುವ ಕಾನೂನು ಮಾಡಿತು. ಇಬ್ಬರು ಅಲ್ಲೇ ತೀರಿಕೊಂಡರು, ಉಳಿದವರು ಮಾರನೇ ವರ್ಷ ವಸಂತದಲ್ಲಿ ಮನೆಗೆ ಬಂದರು. ಅವರ ಮೇಲೆ ಯಾವ ಆರೋಪವೂ ಸಾಬೀತಾಗಲಿಲ್ಲ. 1779ರಲ್ಲಿ ಜನರಲ್ ಸಲಿವನ್ ದಂಡು ಹೋಗಿ ಹೌಡೆನೊಸೌನಿ ಮೂಲನಿವಾಸಿಗಳ 40ಕ್ಕೂ ಹೆಚ್ಚು ಹಳ್ಳಿಗಳನ್ನು, ಅವರ ಮೆಕ್ಕೆಜೋಳದ ಹೊಲಗಳನ್ನು ಸುಟ್ಟು ಹಾಕಿತು. ದುಡ್ಡಿಲ್ಲದ, ಹಲ್ಲಿಲ್ಲದ ಸರ್ಕಾರ ಅಂತ ನಾವು ಅಂದುಕೊಳ್ಳುವ ಸರ್ಕಾರವೇ ದುರ್ಬಲರ ಮೇಲೆ ಬಲ ತೋರಿಸುವಾಗ ಹಿಂದೆ ಮುಂದೆ ನೋಡಲಿಲ್ಲ.

ಇನ್ನು ಒಕ್ಕೂಟದ ಕಾನೂನಿನ ಕಥೆ. ರಾಜ್ಯಗಳ ಒಕ್ಕೂಟಕ್ಕೆ ನಿಯಮಾವಳಿ ಬರೆದು ಕಾಂಗ್ರೆಸ್ ಒಪ್ಪಿದ್ದು 1777ರ ನವೆಂಬರ್‌ನಲ್ಲಿ. 13 ರಾಜ್ಯಗಳೂ ಸಹಿ ಹಾಕಿ ಅದು ಜಾರಿಗೆ ಬಂದದ್ದು 1781ರ ಮಾರ್ಚ್ 1ಕ್ಕೆ. ಅಷ್ಟೊತ್ತಿಗೆ ಯುದ್ಧ ಮುಗಿಯುವ ಹಂತಕ್ಕೆ ಬಂದಿತ್ತು. ಅದರಲ್ಲೂ ತೆರಿಗೆ ಅಧಿಕಾರ ಇರಲಿಲ್ಲ, ರಾಜ್ಯಗಳ ಹತ್ತಿರ ಗೋಗರೆಯಬೇಕು, ಕೊಟ್ಟರೆ ಕೊಟ್ಟರು. ಆಮದಿನ ಮೇಲೆ ಬರೀ 5% ಸುಂಕ ಹಾಕೋಕೆ ಬಿಡಿ ಅಂತ 1781ರಲ್ಲಿ ಕೇಳಿದರು. ತಿದ್ದುಪಡಿಗೆ ಎಲ್ಲ 13 ರಾಜ್ಯಗಳ ಒಪ್ಪಿಗೆ ಬೇಕಿತ್ತು. ರೋಡ್ ಐಲೆಂಡ್, ಎಲ್ಲಕ್ಕಿಂತ ಚಿಕ್ಕ ರಾಜ್ಯ, 1782ರಲ್ಲಿ ಆಗಲ್ಲ ಅಂದುಬಿಟ್ಟಿತು. ಅಲ್ಲಿಗೆ ಮುಗಿಯಿತು.

ಇದರ ಬೆಲೆ ಯಾರು ತೆತ್ತರು ಅಂತ ಗೊತ್ತಾಗಬೇಕಾದರೆ 1781ರ ಹೊಸ ವರ್ಷದ ರಾತ್ರಿಗೆ ಹೋಗಬೇಕು. ನ್ಯೂ ಜೆರ್ಸಿಯ ಮಾರಿಸ್‌ಟೌನ್ ಹತ್ತಿರದ ಶಿಬಿರ. ಪೆನ್ಸಿಲ್ವೇನಿಯಾದ ಸಿಪಾಯಿಗಳಿಗೆ ಸುಮಾರು ಒಂದು ವರ್ಷದಿಂದ ಸಂಬಳ ಬಂದಿರಲಿಲ್ಲ. ಅವರು ಸೈನ್ಯಕ್ಕೆ ಸೇರುವಾಗ ಹಾಕಿದ ಸಹಿಯಲ್ಲಿ 'ಮೂರು ವರ್ಷ ಅಥವಾ ಯುದ್ಧ ಮುಗಿಯುವವರೆಗೆ' ಅಂತಿತ್ತು. ಮೂರು ವರ್ಷ ಆಯಿತು, ಮನೆಗೆ ಬಿಡಿ ಅಂತ ಸಿಪಾಯಿಗಳು. ಯುದ್ಧ ಮುಗಿದಿಲ್ಲ, ಇರಿ ಅಂತ ಅಧಿಕಾರಿಗಳು. ಹೊಸದಾಗಿ ಸೇರುವವರಿಗೆ ಕೈಗೆ ನಾಣ್ಯ ಕೊಡುತ್ತಿದ್ದರು, ಹಳಬರಿಗೆ ಏನೂ ಇಲ್ಲ. ಆ ರಾತ್ರಿ ಅವರು ಬಂದೂಕು ಹಿಡಿದು, ಫಿರಂಗಿ ಎಳೆದುಕೊಂಡು ಹೊರಬಿದ್ದರು. ತಡೆಯೋಕೆ ಬಂದ ಒಬ್ಬ ಕ್ಯಾಪ್ಟನ್ ಸತ್ತ. ಜನರಲ್ ಆಂಥೊನಿ ವೇಯ್ನ್ ಎದುರು ನಿಂತು ಬೇಡಿಕೊಂಡರು. ನಾವು ಶತ್ರುವಿನ ಕಡೆ ಹೋಗ್ತಿಲ್ಲ, ನಮ್ಮ ಲೆಕ್ಕ ಚುಕ್ತಾ ಮಾಡಿ ಅಂತ ಕೇಳೋಕೆ ಹೋಗ್ತಿದ್ದೀವಿ ಅಂದರು ಸಿಪಾಯಿಗಳು.

ಸಾರ್ಜೆಂಟ್‌ಗಳ ಮುಂದಾಳತ್ವದಲ್ಲಿ ಸಾಲಾಗಿ ನಡೆದು ಪ್ರಿನ್ಸ್‌ಟನ್‌ಗೆ ಬಂದರು. ನ್ಯೂಯಾರ್ಕ್‌ನಲ್ಲಿದ್ದ ಬ್ರಿಟಿಷ್ ಸೇನಾಪತಿ ಕ್ಲಿಂಟನ್ ಇಬ್ಬರು ದೂತರನ್ನು ಕಳಿಸಿ, ನಮ್ಮ ಕಡೆ ಬನ್ನಿ, ಬಾಕಿ ಸಂಬಳ ಪೂರ್ತಿ ನಾವೇ ಕೊಡ್ತೀವಿ ಅಂತ ಹೇಳಿಸಿದ. ಹೊಟ್ಟೆಗೆ ಹಿಟ್ಟಿಲ್ಲದೆ ದಂಗೆ ಎದ್ದಿದ್ದ ಆ ಜನ ಇಬ್ಬರನ್ನೂ ಹಿಡಿದು ತಮ್ಮ ಸರ್ಕಾರಕ್ಕೇ ಒಪ್ಪಿಸಿದರು. ಅವರನ್ನು ಗಲ್ಲಿಗೇರಿಸಲಾಯಿತು. ಬಹುಮಾನ ಕೊಡ್ತೀವಿ ಅಂದರೂ ಸಿಪಾಯಿಗಳು ತಗೊಳ್ಳಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಆ ಜನರ ಬಗ್ಗೆ ಗೌರವ ಹೆಚ್ಚುತ್ತೆ. ಪೆನ್ಸಿಲ್ವೇನಿಯಾದ ಮುಖ್ಯಸ್ಥ ಜೋಸೆಫ್ ರೀಡ್ ಬಂದು ಮಾತುಕತೆ ಮಾಡಿ ಸುಮಾರು ಅರ್ಧ ಜನರನ್ನು ಮನೆಗೆ ಬಿಟ್ಟರು. ಅದೇ ತಿಂಗಳು ನ್ಯೂ ಜೆರ್ಸಿಯ ಸಿಪಾಯಿಗಳೂ ದಂಗೆ ಎದ್ದಾಗ ಮಾತ್ರ ವಾಷಿಂಗ್ಟನ್ ಕರುಣೆ ತೋರಲಿಲ್ಲ. ಇಬ್ಬರು ಮುಂದಾಳುಗಳನ್ನು ಅವರ ಜೊತೆಯವರ ಕೈಯಿಂದಲೇ ಗುಂಡಿಕ್ಕಿಸಿದರು.

ಯಾರ್ಕ್‌ಟೌನ್ ಗೆಲುವಿಗೂ ಸಾಲದ ದುಡ್ಡೇ ಬೇಕಾಯಿತು. 1781ರ ಸೆಪ್ಟೆಂಬರ್‌ನಲ್ಲಿ ಸೈನ್ಯ ದಕ್ಷಿಣಕ್ಕೆ ಹೊರಟಾಗ, ಸಂಬಳ ಕೊಡದೆ ಮುಂದಕ್ಕೆ ಹೆಜ್ಜೆ ಇಡಲ್ಲ ಅನ್ನುವ ಪರಿಸ್ಥಿತಿ. ಹಣಕಾಸಿನ ಹೊಣೆ ಹೊತ್ತಿದ್ದ ರಾಬರ್ಟ್ ಮಾರಿಸ್, ಫ್ರೆಂಚ್ ಸೇನಾಪತಿ ರೋಶಾಂಬೋ ಹತ್ತಿರ 20,000 ಬೆಳ್ಳಿ ಡಾಲರ್ ಕೈಸಾಲ ಮಾಡಿ ಒಂದು ತಿಂಗಳ ಸಂಬಳ ಕೊಡಿಸಿದರು. ಎಷ್ಟೋ ಸಿಪಾಯಿಗಳು ಯುದ್ಧ ಶುರುವಾದ ಮೇಲೆ ಕೈಯಲ್ಲಿ ನಿಜವಾದ ನಾಣ್ಯ ಹಿಡಿದದ್ದು ಅದೇ ಮೊದಲು. ಅಕ್ಟೋಬರ್ 19ಕ್ಕೆ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾನಿ ಲಾರ್ಡ್ ಕಾರ್ನ್‌ವಾಲಿಸ್ ಸೈನ್ಯ ಶರಣಾಯಿತು.

ಕಾರ್ನ್‌ವಾಲಿಸ್ ಹೆಸರು ಕೇಳಿದ ಕೂಡಲೇ ಕನ್ನಡಿಗರಿಗೆ ಶ್ರೀರಂಗಪಟ್ಟಣ ನೆನಪಾಗುತ್ತೆ. ಅಲ್ಲಿಗೆ ಬರ್ತೀನಿ, ಅದಕ್ಕೆ ಮುಂಚೆ ಒಂದು ಹಡಗಿನ ಕಥೆ ಹೇಳಬೇಕು. 1778ರಲ್ಲಿ ಫ್ರಾನ್ಸ್ ಯುದ್ಧಕ್ಕೆ ಇಳಿದ ಮೇಲೆ ಇದು ಅಮೆರಿಕದ ಜಗಳವಾಗಿ ಉಳಿಯಲಿಲ್ಲ. 1779ರಲ್ಲಿ ಬ್ರಿಟಿಷರು ಫ್ರೆಂಚರ ಮಾಹೆಯನ್ನು ಹಿಡಿದರು, ಅದು ತನ್ನ ರಕ್ಷಣೆಯಲ್ಲಿರುವ ಬಂದರು ಅಂತ ಹೈದರ್ ಅಲಿ ಸಿಟ್ಟಾದ, 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರುವಾಯಿತು. ಆ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನುಚ್ಚುನೂರಾಯಿತು, ಅದರ ಚಿತ್ರ ಇವತ್ತಿಗೂ ದರಿಯಾ ದೌಲತ್ ಗೋಡೆ ಮೇಲಿದೆ. ಬ್ರಿಟಿಷರಿಗೆ ಅಂಥ ಪೆಟ್ಟು ಕೊಟ್ಟವನ ಹೆಸರು ಅಮೆರಿಕಕ್ಕೂ ಮುಟ್ಟಿತು. 1782ರಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಶತ್ರು ಹಡಗುಗಳು ಫಿಲಡೆಲ್ಫಿಯಾದ ವ್ಯಾಪಾರವನ್ನು ಹಿಂಡುತ್ತಿದ್ದಾಗ, ಅವನ್ನು ಓಡಿಸುವಷ್ಟು ನೌಕಾಪಡೆ ಕಾಂಗ್ರೆಸ್ ಹತ್ತಿರ ಇರಲಿಲ್ಲ. ಊರಿನ ವ್ಯಾಪಾರಿಗಳೂ ಪೆನ್ಸಿಲ್ವೇನಿಯಾ ರಾಜ್ಯವೂ ಸೇರಿ ಒಂದು ವ್ಯಾಪಾರಿ ಹಡಗಿಗೆ ಫಿರಂಗಿ ಕೂರಿಸಿದರು. ಅದರ ಹೆಸರು 'ಹೈದರ್ ಅಲಿ'. ಏಪ್ರಿಲ್ 8ರಂದು ಜಾಶುವಾ ಬಾರ್ನಿ ಅನ್ನೋ ಹರೆಯದ ಕಪ್ತಾನ ಅದರಲ್ಲಿ ಹೋಗಿ, ತನಗಿಂತ ದೊಡ್ಡ ಫಿರಂಗಿಗಳಿದ್ದ 'ಜನರಲ್ ಮಂಕ್' ಅನ್ನೋ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆ ಹಿಡಿದು ತಂದ. ನಮಗೆ ಹೆಮ್ಮೆಯ ಸಂಗತಿಯೇ. ಆದರೆ ದೇಶದ ಸರ್ಕಾರ ಮಾಡಬೇಕಾದ ಕಾವಲನ್ನು ಒಂದು ಊರಿನ ಜನ ಮಾಡಬೇಕಾಯಿತು ಅನ್ನೋದೂ ಇದೇ ಕಥೆಯಲ್ಲಿದೆ.

ಅಷ್ಟರಲ್ಲಿ ಲಂಡನ್ನಿನಲ್ಲಿ ಏನಾಯಿತು? ಯಾರ್ಕ್‌ಟೌನ್ ಬಿದ್ದ ಮೇಲೂ ನ್ಯೂಯಾರ್ಕ್, ಚಾರ್ಲ್ಸ್‌ಟನ್, ಸವಾನ್ನಾ ಬ್ರಿಟಿಷರ ಕೈಯಲ್ಲೇ ಇದ್ದವು. ಮೂರನೇ ಜಾರ್ಜ್ ದೊರೆಗೆ ಯುದ್ಧ ಮುಂದುವರಿಸಲೇಬೇಕಿತ್ತು. 1782ರ ಫೆಬ್ರವರಿ 27ರಂದು ಸಂಸತ್ತಿನ ಕೆಳಮನೆ, ಅಮೆರಿಕದಲ್ಲಿ ಇನ್ನು ಆಕ್ರಮಣದ ಯುದ್ಧ ಬೇಡ ಅಂತ 234ಕ್ಕೆ 215 ಮತಗಳಿಂದ ತೀರ್ಮಾನ ಮಾಡಿತು. ಮಾರ್ಚ್ 20ಕ್ಕೆ ಪ್ರಧಾನಿ ಲಾರ್ಡ್ ನಾರ್ತ್ ಕೆಳಗಿಳಿದರು. ದೊರೆ ಸಿಂಹಾಸನ ಬಿಡುವ ಪತ್ರವನ್ನೂ ಬರೆದಿಟ್ಟುಕೊಂಡಿದ್ದ, ಕೊನೆಗೆ ಕಳಿಸಲಿಲ್ಲ. ಬರೀ 19 ಮತಗಳ ಅಂತರ ನೋಡಿ. ಯುದ್ಧ ನಿಲ್ಲಿಸಿದ್ದು ಆ ಮತಗಳು. ದೊರೆ ಒಬ್ಬನ ಕೈಯಲ್ಲಿ ತೀರ್ಮಾನ ಇದ್ದಿದ್ದರೆ ಇನ್ನೆಷ್ಟು ವರ್ಷ ಎಳೆಯುತ್ತಿತ್ತೋ.

ಅಮೆರಿಕದಲ್ಲಿ ಶಾಂತಿ ಹತ್ತಿರ ಬಂದ ಹಾಗೆ ಸೈನ್ಯದೊಳಗೆ ಅಶಾಂತಿ ಹೆಚ್ಚಿತು. ಯುದ್ಧ ಮುಗಿದ ಮೇಲೆ ಜೀವನಪೂರ್ತಿ ಅರ್ಧ ಸಂಬಳ ಕೊಡ್ತೀವಿ ಅಂತ 1780ರಲ್ಲಿ ಅಧಿಕಾರಿಗಳ ಮೂಗಿಗೆ ತುಪ್ಪ ಸವರಿದ್ದರು. ಕೊಡೋಕೆ ದುಡ್ಡೆಲ್ಲಿ? 1783ರ ಮಾರ್ಚ್‌ನಲ್ಲಿ ನ್ಯೂಬರ್ಗ್ ಶಿಬಿರದಲ್ಲಿ ಹೆಸರಿಲ್ಲದ ಪತ್ರಗಳು ಓಡಾಡಿದವು. ಕಾಂಗ್ರೆಸ್ ಮಾತು ಉಳಿಸಿಕೊಳ್ಳದಿದ್ದರೆ ನಾವು ಆಯುಧ ಕೆಳಗಿಡಲ್ಲ ಅನ್ನೋದು ಅದರ ಧಾಟಿ. ಮಾರ್ಚ್ 15ಕ್ಕೆ ಅಧಿಕಾರಿಗಳ ಸಭೆಗೆ ವಾಷಿಂಗ್ಟನ್ ತಾವೇ ಬಂದು ಇದು ತಪ್ಪು ದಾರಿ ಅಂತ ಖಡಕ್ಕಾಗಿ ಹೇಳಿದರು. ಆಮೇಲೆ ಒಂದು ಪತ್ರ ಓದೋಕೆ ಹೋಗಿ, ಅಕ್ಷರ ಕಾಣದೆ ಜೇಬಿನಿಂದ ಕನ್ನಡಕ ತೆಗೆದರು. ದೇಶದ ಸೇವೆಯಲ್ಲಿ ಕೂದಲು ನೆರೆತದ್ದಷ್ಟೇ ಅಲ್ಲ, ಕಣ್ಣೂ ಮಂಜಾಗಿದೆ ಅಂತ ಅವರು ಅಂದಾಗ ಕೆಲವು ಅಧಿಕಾರಿಗಳ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಆ ಕಾವು ಇಳಿಯಿತು.

ಇದನ್ನು ಬರೀ ಒಬ್ಬ ಒಳ್ಳೇ ಮನುಷ್ಯನ ಕಥೆ ಮಾಡಿದರೆ ಸಾಲದು. ಅದೇ ಜೂನ್ 21ಕ್ಕೆ ಸುಮಾರು 400 ಸಿಪಾಯಿಗಳು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಕೂತಿದ್ದ ಕಟ್ಟಡವನ್ನೇ ಸುತ್ತುವರಿದರು. ಸಂಬಳ ಕೊಡಿ ಅನ್ನೋದೇ ಬೇಡಿಕೆ. ರಕ್ಷಣೆಗೆ ಪಡೆ ಕರೆಸಿ ಅಂದರೆ ಪೆನ್ಸಿಲ್ವೇನಿಯಾ ಸರ್ಕಾರ ಒಪ್ಪಲಿಲ್ಲ. ಕಾಂಗ್ರೆಸ್ ಪ್ರಿನ್ಸ್‌ಟನ್‌ಗೆ ಹೋಯಿತು. ಯಾವ ರಾಜ್ಯಕ್ಕೂ ಸೇರದ ರಾಜಧಾನಿ ಬೇಕು ಅಂತ ಸಂವಿಧಾನದಲ್ಲಿ ಸೇರಿಸೋಕೆ, ಅಂದರೆ ಇವತ್ತಿನ ವಾಷಿಂಗ್ಟನ್ ಡಿ.ಸಿ. ಹುಟ್ಟೋಕೆ, ಆ ಅವಮಾನವೂ ಒಂದು ಕಾರಣ. ಡಿಸೆಂಬರ್ 23ಕ್ಕೆ ಅನಾಪೊಲಿಸ್‌ನಲ್ಲಿ ವಾಷಿಂಗ್ಟನ್ ತಮ್ಮ ಆದೇಶ ಪತ್ರವನ್ನು ಕಾಂಗ್ರೆಸ್ಸಿಗೆ ವಾಪಸ್ ಕೊಟ್ಟರು. ಎದುರಿಗಿದ್ದವರು ಇಪ್ಪತ್ತು ಚಿಲ್ಲರೆ ಸದಸ್ಯರು, ಸಭಾಧ್ಯಕ್ಷರ ಕುರ್ಚಿಯಲ್ಲಿದ್ದವರು ವ್ಯಾಲಿ ಫೋರ್ಜ್ ಹೊತ್ತಿಗೆ ಸಾಗಾಟದ ಕೆಲಸ ಬಿಟ್ಟು ಹೋಗಿದ್ದ ಅದೇ ಮಿಫ್ಲಿನ್. ಅಂಥ ಬಡಕಲು ಸಭೆಯ ಮುಂದೆ ಗೆದ್ದ ಸೇನಾಪತಿ ತಲೆ ಬಾಗಿದರು.

ಸಿಪಾಯಿಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಂಬಳದ ಬದಲು ಕೊಟ್ಟಿದ್ದ ಚೀಟಿಗಳನ್ನು ಅವರು ಹೊಟ್ಟೆಪಾಡಿಗೆ ಪುಡಿಗಾಸಿಗೆ ಮಾರಿಕೊಂಡರು. ಕೊಂಡವರು ಊರಿನ ಸಿರಿವಂತರು. ಆ ಸಾಲ ತೀರಿಸೋಕೆ ಮ್ಯಾಸಚೂಸೆಟ್ಸ್ ಸರ್ಕಾರ ನಾಣ್ಯದಲ್ಲೇ ತೆರಿಗೆ ಕೇಳಿತು, ಯಾರ ಹತ್ತಿರ? ಅದೇ ರೈತರು, ಅದೇ ಹಳೇ ಸಿಪಾಯಿಗಳ ಹತ್ತಿರ. 1786ರಲ್ಲಿ ಅವರು ಡೇನಿಯಲ್ ಶೇಸ್ ಅನ್ನೋ ಮಾಜಿ ಕ್ಯಾಪ್ಟನ್ ಜೊತೆ ಸೇರಿ ಕೋರ್ಟುಗಳನ್ನು ಮುಚ್ಚಿಸಿದರು. ದಂಗೆ ಅಡಗಿಸೋಕೆ ಕಾಂಗ್ರೆಸ್ಸಿನ ಕೈಲಿ ಆಗಲಿಲ್ಲ, ಬಾಸ್ಟನ್ ವ್ಯಾಪಾರಿಗಳ ದುಡ್ಡಿನಲ್ಲಿ ಪಡೆ ಕಟ್ಟಬೇಕಾಯಿತು.

1787ರಲ್ಲಿ ಸಂವಿಧಾನ ಬರೆಯೋಕೆ ಕೂತವರ ತಲೆಯಲ್ಲಿ ಇದೆಲ್ಲ ಹಸಿಯಾಗಿತ್ತು. ಅವರು ಮಾಡಿದ ಮೊದಲ ಕೆಲಸ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರ ಕೊಟ್ಟದ್ದು. ಎರಡನೆಯದು ಸೈನ್ಯ ನಡೆಸೋಕೆ ಒಬ್ಬ ಅಧ್ಯಕ್ಷನನ್ನು ಇಟ್ಟದ್ದು, ಯಾಕಂದರೆ ಕಂಬಳಿ ಲೆಕ್ಕವನ್ನು ಸಮಿತಿ ನೋಡಿಕೊಳ್ಳೋಕಾಗಲ್ಲ ಅಂತ ಗೊತ್ತಾಗಿತ್ತು. ಆದರೆ ಯುದ್ಧಕ್ಕೆ ಹೋಗುವ ತೀರ್ಮಾನ? ಆಗಸ್ಟ್ 17ರ ಚರ್ಚೆಯಲ್ಲಿ ದಕ್ಷಿಣ ಕೆರೊಲಿನಾದ ಪಿಯರ್ಸ್ ಬಟ್ಲರ್, ಅದನ್ನು ಅಧ್ಯಕ್ಷನಿಗೇ ಕೊಡೋಣ ಅಂದರು. ಗಣರಾಜ್ಯದಲ್ಲಿ ಇಂಥ ಮಾತು ಕೇಳ್ತೀನಿ ಅಂತ ಅಂದುಕೊಂಡೇ ಇರಲಿಲ್ಲ ಅಂತ ಎಲ್ಬ್ರಿಜ್ ಗೆರ್ರಿ ತಿರುಗಿಬಿದ್ದರು. ದಿಢೀರ್ ದಾಳಿ ಆದರೆ ಅಧ್ಯಕ್ಷ ತಡೆಯಬಹುದು, ಯುದ್ಧ ಘೋಷಿಸೋದು ಮಾತ್ರ ಕಾಂಗ್ರೆಸ್ ಅಂತ ತೀರ್ಮಾನವಾಯಿತು. ಜೊತೆಗೆ ಇನ್ನೊಂದು ಕೀಲಿ: ಸೈನ್ಯಕ್ಕೆ ಒಂದು ಸಲಕ್ಕೆ ಎರಡು ವರ್ಷಕ್ಕಿಂತ ಜಾಸ್ತಿ ದುಡ್ಡು ಮಂಜೂರು ಮಾಡುವ ಹಾಗಿಲ್ಲ. ಸೈನ್ಯ ನಡೆಸುವವನು ದುಡ್ಡಿಗಾಗಿ ಮತ್ತೆ ಮತ್ತೆ ಜನರ ಪ್ರತಿನಿಧಿಗಳ ಮುಂದೆ ಬರಲೇಬೇಕು.

ಇದೇ ಹೊತ್ತಿಗೆ, ಸೋತ ಕಾರ್ನ್‌ವಾಲಿಸ್ ಏನು ಮಾಡಿದರು ನೋಡಿ. 1786ರಲ್ಲಿ ಅವರನ್ನು ಭಾರತಕ್ಕೆ ಗವರ್ನರ್ ಜನರಲ್ ಆಗಿ ಹೋಗಿ ಅಂದಾಗ ಅವರು ಷರತ್ತು ಹಾಕಿದರು. ಆಡಳಿತ ಮತ್ತು ಸೈನ್ಯ ಎರಡೂ ನನ್ನ ಕೈಯಲ್ಲಿರಬೇಕು, ಕೌನ್ಸಿಲ್ ಬೇಡ ಅಂದರೂ ಮುಂದುವರಿಯುವ ಅಧಿಕಾರ ಬೇಕು ಅಂತ. ಬ್ರಿಟಿಷ್ ಸಂಸತ್ತು ಅದಕ್ಕಾಗಿ ಕಾನೂನನ್ನೇ ತಿದ್ದಿಕೊಟ್ಟಿತು. ಒಂದೇ ಯುದ್ಧದಿಂದ ಅಮೆರಿಕದವರು ಅಧಿಕಾರ ಹಂಚಬೇಕು ಅಂತ ಕಲಿತರು, ಬ್ರಿಟಿಷರು ನಮ್ಮನ್ನು ಆಳೋಕೆ ಅದನ್ನು ಒಬ್ಬರಲ್ಲೇ ಕೂಡಿಸಿದರು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3.3 ಕೋಟಿ ರೂಪಾಯಿ ಒಪ್ಪಿಕೊಂಡು, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. ಆ ಯುದ್ಧ ಬೇಕಾ ಬೇಡವಾ ಅಂತ ಇಲ್ಲಿನ ಯಾವ ಜನರನ್ನೂ ಯಾರೂ ಕೇಳಿರಲಿಲ್ಲ.

ಈಗ ಇವತ್ತಿಗೆ ಬರೋಣ. ಅಮೆರಿಕ ವಿಧ್ಯುಕ್ತವಾಗಿ ಯುದ್ಧ ಘೋಷಿಸಿದ್ದು ಕೊನೆಯದಾಗಿ 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ, ರೊಮೇನಿಯಾ ಮೇಲೆ. 1950ರಲ್ಲಿ ಟ್ರೂಮನ್ ಕಾಂಗ್ರೆಸ್ಸನ್ನು ಕೇಳದೆ ಕೊರಿಯಾಕ್ಕೆ ಸೈನ್ಯ ಕಳಿಸಿದರು. ವಿಯೆಟ್ನಾಂ ಆದ ಮೇಲೆ 1973ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ವಿಟೋ (ಮಸೂದೆಯನ್ನು ತಡೆಯುವ ಅಧಿಕಾರ) ಮೀರಿ ಕಾಂಗ್ರೆಸ್ ಒಂದು ಕಾನೂನು ಮಾಡಿತು: ಸೈನ್ಯ ಕಳಿಸಿದರೆ 48 ಗಂಟೆಯಲ್ಲಿ ತಿಳಿಸಬೇಕು, 60 ದಿನದೊಳಗೆ ಒಪ್ಪಿಗೆ ಸಿಗದಿದ್ದರೆ ವಾಪಸ್ ಕರೆಸಬೇಕು. ಅದರಲ್ಲಿ ಇನ್ನೊಂದು ಅಸ್ತ್ರವೂ ಇತ್ತು. ಎರಡೂ ಸದನಗಳ ಸರಳ ಬಹುಮತ ಸಾಕು, ಅಧ್ಯಕ್ಷರ ಸಹಿ ಬೇಕಿಲ್ಲದೆ ಯುದ್ಧ ನಿಲ್ಲಿಸಬಹುದಿತ್ತು. 1983ರಲ್ಲಿ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬರ ವಲಸೆ ಕೇಸಿನಲ್ಲಿ ಸುಪ್ರೀಂ ಕೋರ್ಟು, ಅಧ್ಯಕ್ಷರ ಮುಂದೆ ಹೋಗದ ಇಂಥ ನಿರ್ಣಯಗಳಿಗೆ ಬಲ ಇಲ್ಲ ಅಂದುಬಿಟ್ಟಿತು. ಯುದ್ಧಕ್ಕೆ ಸಂಬಂಧವೇ ಇಲ್ಲದ ಕೇಸು, ಆದರೂ ಈ ಅಸ್ತ್ರ ಮೊಂಡಾಯಿತು. ಈಗ ಕಾಂಗ್ರೆಸ್ ಬೇಡ ಅಂದರೂ ಅಧ್ಯಕ್ಷರು ವಿಟೋ ಹಾಕ್ತಾರೆ, ಅದನ್ನು ಮೀರೋಕೆ ಮೂರನೇ ಎರಡು ಬಹುಮತ ಬೇಕು. 2019ರಲ್ಲಿ ಯೆಮೆನ್ ವಿಷಯದಲ್ಲಿ, 2020ರಲ್ಲಿ ಇರಾನ್ ವಿಷಯದಲ್ಲಿ ಹೀಗೇ ಆಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ದುಡ್ಡಿನಲ್ಲಿ ಆಗಿದೆ. 1779ರಲ್ಲಿ ಕಾಂಗ್ರೆಸ್ಸಿಗೆ ಸಾಲ ಕೊಡುವವರಿಗಾಗಿ ಹುಡುಕಾಡಬೇಕಿತ್ತು. ಇವತ್ತು ಇಡೀ ಜಗತ್ತೇ ಅಮೆರಿಕಕ್ಕೆ ಸಾಲ ಕೊಡುತ್ತೆ. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧ ಶುರುವಾಯಿತು, ಅದೇ ಮೇ ತಿಂಗಳಲ್ಲಿ ತೆರಿಗೆ ಇಳಿಸುವ ಕಾನೂನಿಗೆ ಸಹಿ ಬಿತ್ತು. ಕಡ್ಡಾಯ ಸೇನಾ ಸೇವೆ 1973ರಲ್ಲೇ ನಿಂತಿದೆ. ಮನೆಯ ಮಗ ಹೋಗಲ್ಲ, ಜೇಬಿನಿಂದ ಕಾಸೂ ಹೋಗಲ್ಲ ಅಂದಮೇಲೆ ಮತದಾರ ತನ್ನ ಪ್ರತಿನಿಧಿಯನ್ನು ಯಾಕೆ ತಡೆದು ಕೇಳ್ತಾನೆ? ಬಾಸ್ಟನ್ನಿನ ಹೆಂಗಸರಿಗೆ ಯುದ್ಧದ ಖರ್ಚು ಕಾಫಿ ಬೆಲೆಯಲ್ಲೇ ಗೊತ್ತಾಗುತ್ತಿತ್ತು. ಈಗ ಅದು ಬಡ್ಡಿಯಾಗಿ, ಇನ್ನೂ ಹುಟ್ಟದವರ ಲೆಕ್ಕಕ್ಕೆ ಹೋಗಿ ಸೇರುತ್ತೆ.

ಹಾಗಂತ ಕಾಂಗ್ರೆಸ್ ಕೈಕಟ್ಟಿ ಕೂರಬೇಕು ಅಂತೇನಿಲ್ಲ. ಯುದ್ಧ ನಿಲ್ಲಿಸಿ ಅನ್ನುವ ನಿರ್ಣಯಕ್ಕೆ ವಿಟೋ ಅಡ್ಡ ಬರುತ್ತೆ, ನಿಜ. ಆದರೆ ಎರಡು ವರ್ಷದ ಆ ಕೀಲಿ ಇನ್ನೂ ಸಂವಿಧಾನದಲ್ಲಿದೆ. ಎರಡೂ ಸದನ ಒಪ್ಪದಿದ್ದರೆ ದುಡ್ಡು ಹೊರಗೆ ಬರಲ್ಲ, ಅದನ್ನು ತಡೆಯೋಕೆ ಒಂದೇ ಒಂದು ಸದನದ ಸರಳ ಬಹುಮತ ಸಾಕು. 1973ರಲ್ಲಿ ಕಾಂಬೋಡಿಯಾ ಮೇಲಿನ ಬಾಂಬ್ ದಾಳಿ ಆಗಸ್ಟ್ 15ಕ್ಕೆ ನಿಂತದ್ದು ಹೀಗೇ. ಕಾಂಗ್ರೆಸ್ ದುಡ್ಡು ನಿಲ್ಲಿಸಿತು, ನಿಕ್ಸನ್‌ಗೆ ಒಪ್ಪದೆ ವಿಧಿ ಇರಲಿಲ್ಲ. ಆದ್ದರಿಂದ ಇನ್ನು ಮುಂದೆ ಅಮೆರಿಕದ ಯುದ್ಧದ ಸುದ್ದಿ ಬಂದಾಗ ಅಲ್ಲಿನ ಸಂಸದರ ಭಾಷಣ, ಖಂಡನಾ ನಿರ್ಣಯ ಇವುಗಳ ಜೊತೆಗೆ ಇನ್ನೊಂದನ್ನೂ ನೋಡಿ. ಆ ವರ್ಷದ ರಕ್ಷಣಾ ಖರ್ಚಿನ ಮಸೂದೆಗೆ, ಆ ಯುದ್ಧಕ್ಕೆ ಕಾಸು ಕೊಡುವ ಸಾಲಿಗೆ, ಅದೇ ಸಂಸದರು ಹೇಗೆ ಮತ ಹಾಕಿದರು ಅಂತ.